ಬ್ರೌಸರ್ ಅಪ್‌ಡೇಟಿಗೆ ಕಡಿವಾಣ: ಕಾರಟಗಿ ಅಂಗಡಿಯ ನಾಲ್ಕು ತಿಂಗಳ ಡೈರಿ

ಕಾರಟಗಿಯಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ. ಪಹಣಿ, ಜಾತಿ-ಆದಾಯ, 371ಜೆ (ಕಲ್ಯಾಣ ಕರ್ನಾಟಕ ಮೀಸಲಾತಿ) ಪ್ರಮಾಣಪತ್ರ, ವಿದ್ಯಾರ್ಥಿವೇತನ, ಬೆಳೆ ವಿಮೆ, ಹೀಗೆ ದಿನವಿಡೀ ಬ್ರೌಸರ್ ಮುಂದೆಯೇ ಕೂತಿರಬೇಕು. ಫೈರ್‌ಫಾಕ್ಸ್ ತನ್ನಷ್ಟಕ್ಕೆ ತಾನು ಅಪ್‌ಡೇಟ್ ಆಗುವುದನ್ನು ನಿಲ್ಲಿಸಲು ಹೋಗಿ ಏನೇನು ಮಾಡಿದೆ, ಎಲ್ಲಿ ಎಡವಿದೆ ಎಂಬುದನ್ನು ಅಕ್ಕಿ ಮಿಲ್ಲಿನವರು ಕೊಟ್ಟ ಡೈರಿಯಲ್ಲಿ ಅಂದಂದೇ ಬರೆದಿಟ್ಟಿದ್ದೆ. ಅದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಅಂಗಡಿಯಲ್ಲಿರುವ ಸಿಸ್ಟಮ್‌ಗಳು ನಾಲ್ಕು. ಒಂದನೆಯದು ನನ್ನ ಕೌಂಟರಿನದು, ವಿಂಡೋಸ್ 10, ಎಸ್‌ಎಸ್‌ಡಿ ಇದೆ. ಎರಡನೆಯದೂ ವಿಂಡೋಸ್ 10, ಆದರೆ 4 ಜಿಬಿ ರ್‍ಯಾಮ್, ಹಳೆ ಹಾರ್ಡ್ ಡಿಸ್ಕ್. ಅದರಲ್ಲಿ ಅಕ್ಕನ ಮಗ ಕೂರುತ್ತಾನೆ. ಮೂರನೆಯದು ವಿಂಡೋಸ್ 7. ನಮ್ಮ ಹಳೆ ಸ್ಕ್ಯಾನರಿಗೆ ಅದಕ್ಕಿಂತ ಮುಂದಿನ ಡ್ರೈವರ್ ಸಿಗಲಿಲ್ಲ, ಹಾಗಾಗಿ ಉಳಿದುಕೊಂಡಿದೆ. ನಾಲ್ಕನೆಯದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್, ಟೈಪಿಂಗ್ ಕಲಿಯುವ ಮಕ್ಕಳಿಗೆ.

28 ನವೆಂಬರ್ 2024, ಗುರುವಾರ

ಬೆಳಿಗ್ಗೆ 9.40. ಹತ್ತಿರದ ಕ್ಯಾಂಪಿನಿಂದ ಹಿರಿಯರೊಬ್ಬರು ಮೊಮ್ಮಗಳ 371ಜೆ ಅರ್ಜಿಗೆ ಬಂದು ಕೂತಿದ್ದರು. ಹುಡುಗ ಎರಡನೇ ಸಿಸ್ಟಮ್‌ನಲ್ಲಿ ಫೈರ್‌ಫಾಕ್ಸ್ ಒತ್ತಿದ. ಪುಟ ತೆರೆಯಲಿಲ್ಲ. ಅಪ್‌ಡೇಟ್ ಹಾಕುತ್ತಿದ್ದೇನೆ, ಸ್ವಲ್ಪ ಹೊತ್ತಿನಲ್ಲಿ ಶುರುವಾಗುತ್ತೇನೆ ಎನ್ನುವ ಸಣ್ಣ ಕಿಟಕಿ ಬಂತು. 133ನೇ ಆವೃತ್ತಿ ಬಿಡುಗಡೆಯಾಗಿದ್ದು 26ಕ್ಕೆ. ನಮಗೆ ಗೊತ್ತಿಲ್ಲದಂತೆಯೇ ಅದು ಇಳಿದು, ಕೂರಲು ಕಾದಿತ್ತು. ಆ ಹಾರ್ಡ್ ಡಿಸ್ಕಿನಲ್ಲಿ ಈ ಕೆಲಸಕ್ಕೆ ಮೂರು ನಾಲ್ಕು ನಿಮಿಷ ಬೇಕು. ಎರಡನೇ ನಿಮಿಷಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಒಂದು ಸಲ ಕಿರುಚಿ ಸುಮ್ಮನಾಯಿತು.

ಕರೆಂಟ್ ಬಂದ ಮೇಲೆ ಫೈರ್‌ಫಾಕ್ಸ್ ಒತ್ತಿದರೆ ಒಂದೇ ಸಾಲು: 'ಕುಡಂಟ್ ಲೋಡ್ ಎಕ್ಸ್‌ಪಿಕಾಮ್'. ಒಳಗಿನ ಫೈಲುಗಳಲ್ಲಿ ಅರ್ಧ ಹೊಸವು, ಅರ್ಧ ಹಳೆಯವು ಆದಾಗ ಬರುವ ಮಾತು ಇದು.

"ಸರ್ವರ್ ಬಂದ್ ಆತೇನ್ರಿ?" ಅಂದರು ಹಿರಿಯರು.

"ಇಲ್ಲ ಯಜಮಾನ್ರ, ನಮ್ಮ ಸಿಸ್ಟಮ್ಮೇ ಕೆಟ್ಟೈತಿ. ಈಚೆ ಬರ್ರಿ, ಇದರಾಗ ಮಾಡಿಕೊಡ್ತೀನಿ" ಎಂದು ನನ್ನ ಕೌಂಟರಿಗೆ ಕರೆದುಕೊಂಡೆ. ಅರ್ಜಿಯನ್ನು ಮೊದಲಿನಿಂದ ತುಂಬಬೇಕಾಯಿತು. ಅವರ ಬಸ್ಸು ತಪ್ಪಿತು. ಈ ಕೆಲಸಕ್ಕೆ ಕೈ ಹಾಕಲು ಕಾರಣ ಅದೇ. ಅಪ್‌ಡೇಟ್ ಬೇಡ ಎಂದಲ್ಲ, ಗಿರಾಕಿ ಎದುರಿಗೆ ಕೂತಿರುವಾಗ ಬೇಡ.

ಅದೇ ರಾತ್ರಿ, 8.30ರಿಂದ 11

ಮೊದಲು ಯುಪಿಎಸ್ ಬಿಚ್ಚಿದೆ. 12 ವೋಲ್ಟ್, 7 ಎಎಚ್ ಬ್ಯಾಟರಿ. ಮಲ್ಟಿಮೀಟರ್ ಹಿಡಿದರೆ 10.2 ವೋಲ್ಟ್. ಬದಲಿಸದೆ ಬೇರೆ ದಾರಿಯಿಲ್ಲ.

ಆಮೇಲೆ ಫೈರ್‌ಫಾಕ್ಸ್. ಬುಕ್‌ಮಾರ್ಕು, ಪಾಸ್‌ವರ್ಡುಗಳೆಲ್ಲ ಪ್ರೊಫೈಲ್ ಫೋಲ್ಡರಿನಲ್ಲಿ ಬೇರೆ ಕಡೆ ಇರುತ್ತವೆ. ಪ್ರೋಗ್ರಾಮನ್ನು ಮತ್ತೆ ಇನ್‌ಸ್ಟಾಲ್ ಮಾಡಿದರೆ ಅವಕ್ಕೆ ಧಕ್ಕೆ ಇಲ್ಲ ಎಂದು ಗೊತ್ತಿತ್ತು. ಹಾಗೆಯೇ 133ನ್ನು ಹಾಕಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

ಮೊದಲ ತಪ್ಪು ಇಲ್ಲಿ. ಹೇಗೂ ಹಾಕುತ್ತಿದ್ದೇನಲ್ಲ, ಇಎಸ್‌ಆರ್ ಹಾಕೋಣ ಅನ್ನಿಸಿತು. ಕಚೇರಿ, ಶಾಲೆಗಳಿಗೆಂದು ಮಾಡಿದ ಆವೃತ್ತಿ ಅದು. ಸುರಕ್ಷತೆಯ ತಿದ್ದುಪಡಿ ಮಾತ್ರ ಬರುತ್ತಿರುತ್ತದೆ, ರೂಪ ಪದೇಪದೇ ಬದಲಾಗುವುದಿಲ್ಲ. ಆಗ ಇದ್ದದ್ದು ಇಎಸ್‌ಆರ್ 128.5. ಹಾಕಿ ತೆರೆದರೆ, ನೀವು ಹಳೆಯ ಆವೃತ್ತಿ ತೆರೆದಿದ್ದೀರಿ, ಈ ಪ್ರೊಫೈಲಿಗೆ ಇದು ಹೊಂದುವುದಿಲ್ಲ ಎನ್ನುವ ಸೂಚನೆ. 133 ಮುಟ್ಟಿದ ಪ್ರೊಫೈಲನ್ನು 128 ತೆರೆಯುವುದಿಲ್ಲ. ಹೊಸದರಲ್ಲಿ ಬರೆದ ಮಾಹಿತಿ ಹಳೆಯದರಲ್ಲಿ ಕೆಡಬಾರದೆಂದು 2019ರ 67ನೇ ಆವೃತ್ತಿಯಿಂದ ಈ ತಡೆ ಇದೆ. ಸೂಚನೆಯ ಕೆಳಗೆ ಹೊಸ ಪ್ರೊಫೈಲ್ ಮಾಡುವ ಬಟನ್ ಇತ್ತು. ಓದದೆ ಒತ್ತಿಬಿಟ್ಟೆ. ಖಾಲಿ ಬ್ರೌಸರ್ ತೆರೆಯಿತು. ಎಂಟು ವರ್ಷದ ಬುಕ್‌ಮಾರ್ಕು ಒಂದೂ ಕಾಣಲಿಲ್ಲ. ಕೈಕಾಲು ತಣ್ಣಗಾದವು.

ಹಳೆಯದು ಅಳಿಸಿರಲಿಲ್ಲ, ಪಕ್ಕದಲ್ಲೇ ಇತ್ತು. 133ರ ಪೂರ್ತಿ ಇನ್‌ಸ್ಟಾಲರ್ ಇಳಿಸಿ ಅದರ ಮೇಲೆ ಹಾಕಿದೆ. ವಿಳಾಸದ ಜಾಗದಲ್ಲಿ ಅಬೌಟ್, ಕೋಲನ್, ಪ್ರೊಫೈಲ್ಸ್ ಎಂದು ಇಂಗ್ಲಿಷಿನಲ್ಲಿ ಟೈಪಿಸಿದರೆ ಇರುವ ಪ್ರೊಫೈಲುಗಳ ಪಟ್ಟಿ ಬರುತ್ತದೆ. ಹಳೆಯದನ್ನು ಡಿಫಾಲ್ಟ್ ಮಾಡಿ ಮುಚ್ಚಿ ತೆರೆದಾಗ ಎಲ್ಲವೂ ಬಂತು. ತಕ್ಷಣ ಬುಕ್‌ಮಾರ್ಕನ್ನು ಎಚ್‌ಟಿಎಂಎಲ್ ಫೈಲಾಗಿ ಹೊರತೆಗೆದು ಇಟ್ಟುಕೊಂಡೆ. ಕೆಲಸ ಶುರು ಮಾಡುವ ಮೊದಲೇ ತೆಗೆಯಬೇಕಿತ್ತು.

1 ಡಿಸೆಂಬರ್, ಭಾನುವಾರ

ಗಂಗಾವತಿಗೆ ಹೋಗಿ ಬ್ಯಾಟರಿ ತಂದೆ, 950 ರೂಪಾಯಿ. ಪೆಟ್ರೋಲ್ 150. ಹಾಕಿ ಪ್ಲಗ್ ಕಿತ್ತು ನೋಡಿದೆ, ಎರಡನೇ ಸಿಸ್ಟಮ್ 14 ನಿಮಿಷ ನಿಂತಿತು.

ಸೆಟ್ಟಿಂಗ್ಸ್‌ನಲ್ಲಿ ಜನರಲ್ ವಿಭಾಗದ ಕೆಳಗೆ ಅಪ್‌ಡೇಟಿನ ಜಾಗ ಇದೆ. ಆಯ್ಕೆ ಎರಡೇ: ತಾನೇ ಇನ್‌ಸ್ಟಾಲ್ ಮಾಡಲಿ, ಇಲ್ಲವೇ ಇದೆಯೇ ಎಂದು ನೋಡಲಿ ಆದರೆ ನನ್ನನ್ನು ಕೇಳಿ ಹಾಕಲಿ. ಹಿಂದೆ ಮೂರನೆಯದೊಂದಿತ್ತು, ನೋಡಲೇಬೇಡ ಎನ್ನುವುದು. ಅದನ್ನು 2018ರಲ್ಲಿ 63ನೇ ಆವೃತ್ತಿಯಿಂದ ತೆಗೆದುಹಾಕಿದ್ದಾರೆ. ಎರಡನೆಯದನ್ನು ಆರಿಸಿದೆ. ಒಂದು ವಿಂಡೋಸ್ ಅಕೌಂಟಿನಲ್ಲಿ ಬದಲಿಸಿದರೆ ಆ ಸಿಸ್ಟಮ್‌ನ ಎಲ್ಲ ಅಕೌಂಟಿಗೂ ಅನ್ವಯ ಎಂದು ಅಲ್ಲೇ ಬರೆದಿದೆ. ಮುಗಿಯಿತು ಎಂದುಕೊಂಡೆ.

11 ಡಿಸೆಂಬರ್, ಬುಧವಾರ

ಮುಗಿದಿರಲಿಲ್ಲ. ರಸ್ತೆ ಅಗೆಯುವಾಗ ಫೈಬರ್ ತಂತಿ ಹರಿದಿತ್ತು. ಮೂರು ಸಿಸ್ಟಮ್‌ಗೂ ನನ್ನ ಮೊಬೈಲ್ ಹಾಟ್‌ಸ್ಪಾಟೇ ಗತಿ, ದಿನಕ್ಕೆ ಒಂದೂವರೆ ಜಿಬಿ. 133ಕ್ಕೊಂದು ಸಣ್ಣ ತಿದ್ದುಪಡಿ ಬಂದಿತ್ತು. ಹೊಸ ಆವೃತ್ತಿ ಇದೆ, ಇಳಿಸಲೇ ಎಂದು ಮೂಲೆಯಲ್ಲಿ ಕೇಳಿತು. ಅರ್ಜಿಯ ಮೇಲೆ ಬಂದು ಕೂತದ್ದನ್ನು ಸರಿಸುವ ಅವಸರದಲ್ಲಿ ಹುಡುಗ ಡೌನ್‌ಲೋಡ್ ಒತ್ತಿದ.

"ಮಾವ, ಅದು ಕೇಳ್ತು, ನಾ ಹೂಂ ಅಂದೆ" ಎಂದ. ಅವನದೇನೂ ತಪ್ಪಿಲ್ಲ. ಗಿರಾಕಿ ಒಟಿಪಿ ಹೇಳುತ್ತಿರುವಾಗ ಯಾರಾದರೂ ಅದನ್ನೇ ಒತ್ತುತ್ತಾರೆ. ನನಗೆ ಬೇಕಾದದ್ದು ಕೇಳುವ ಬ್ರೌಸರ್ ಅಲ್ಲ, ಅಂಗಡಿ ತೆರೆದಿರುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವ ಬ್ರೌಸರ್.

15 ಡಿಸೆಂಬರ್, ಭಾನುವಾರ: ಇಡೀ ಮಧ್ಯಾಹ್ನ

ಮೊದಲ ಪ್ರಯತ್ನ, ಅಬೌಟ್ ಕಾನ್ಫಿಗ್, ಅಂದರೆ ಫೈರ್‌ಫಾಕ್ಸ್‌ನ ಒಳಗಿನ ಸೆಟ್ಟಿಂಗ್‌ಗಳ ಪುಟ. ಹಿಂದೆ ಆ್ಯಪ್ ಡಾಟ್ ಅಪ್‌ಡೇಟ್ ಡಾಟ್ ಎನೇಬಲ್ಡ್ ಎನ್ನುವುದನ್ನು ಫಾಲ್ಸ್ ಮಾಡಿದರೆ ಸಾಕಿತ್ತು. ಅದೇ ನೆನಪಿನಲ್ಲಿ ಹೆಸರು ಟೈಪಿಸಿದೆ. ಬೂಲಿಯನ್ (ಹೌದು-ಇಲ್ಲ ಬಗೆ) ಎಂದು ಆರಿಸಿ ಕೂಡಿಸುವ ಗುರುತು ಒತ್ತಿದೆ, ಫಾಲ್ಸ್ ಮಾಡಿದೆ, ದಪ್ಪ ಅಕ್ಷರದಲ್ಲಿ ಬಂದು ಕೂತಿತು. ಏನೂ ಆಗಲಿಲ್ಲ. ಆ ಹೆಸರಿನ ಸೆಟ್ಟಿಂಗ್ 63ರಿಂದಲೇ ಇಲ್ಲ. ಇಲ್ಲದ ಹೆಸರು ಬರೆದರೆ ಈ ಪುಟ ತಪ್ಪು ಎನ್ನುವುದಿಲ್ಲ, ಹೊಸದಾಗಿ ಸೃಷ್ಟಿಸಿಕೊಡುತ್ತದೆ. ಹಳೆಯ ಸಲಹೆ ಓದಿ ಹೀಗೆ ಮಾಡಿ, ಅಪ್‌ಡೇಟ್ ನಿಂತಿದೆ ಎಂದು ನಂಬಿ ಕೂತವರು ಬೇಕಾದಷ್ಟಿರಬೇಕು. ಹುಡುಕಿದಾಗ ಹೆಸರಿನ ಎದುರು ಕೂಡಿಸುವ ಗುರುತು ಕಂಡರೆ, ಆ ಸೆಟ್ಟಿಂಗ್ ನಿಮ್ಮ ಆವೃತ್ತಿಯ ಪಟ್ಟಿಯಲ್ಲಿ ಇಲ್ಲ ಎಂದೇ ತಿಳಿಯಿರಿ.

ಎರಡನೇ ಪ್ರಯತ್ನ, ಪಾಲಿಸಿ ಫೈಲ್, ಅಂದರೆ ಬ್ರೌಸರ್ ಹೇಗೆ ನಡೆಯಬೇಕೆಂಬ ನಿಯಮ ಬರೆದಿಡುವ ಫೈಲ್. ದೊಡ್ಡ ಕಚೇರಿಗಳ ಸಿಸ್ಟಮ್ ನೋಡಿಕೊಳ್ಳುವವರಿಗೆಂದು 60ನೇ ಆವೃತ್ತಿಯಿಂದ ಇರುವ ದಾರಿ. ನಮ್ಮಂಥ ನಾಲ್ಕು ಸಿಸ್ಟಮ್‌ನ ಅಂಗಡಿಗೂ ಆಗುತ್ತದೆ. ಸಿ ಡ್ರೈವಿನ ಪ್ರೋಗ್ರಾಮ್ ಫೈಲ್ಸ್ ಒಳಗೆ ಮೊಜಿಲ್ಲಾ ಫೈರ್‌ಫಾಕ್ಸ್ ಫೋಲ್ಡರ್ ಇದೆಯಲ್ಲ, ಅದರೊಳಗೆ ಡಿಸ್ಟ್ರಿಬ್ಯೂಷನ್ ಎಂಬ ಹೊಸ ಫೋಲ್ಡರ್ ಮಾಡಬೇಕು. ಹೆಸರು ಇಂಗ್ಲಿಷಿನಲ್ಲಿ, ಎಲ್ಲ ಸಣ್ಣ ಅಕ್ಷರ. ಅದರೊಳಗೆ ಪಾಲಿಸೀಸ್ ಡಾಟ್ ಜೇಸನ್ ಎಂಬ ಫೈಲ್.

ಫೈಲಿನ ಒಳಗಿರುವುದು ಇಷ್ಟೇ. { ಎಂಬ ಹೂಬಳ್ಳಿ ಆವರಣ ತೆರೆದು, ಉದ್ಧರಣ ಚಿಹ್ನೆಯೊಳಗೆ ಪಾಲಿಸೀಸ್ ಎಂದು ಬರೆದು, ಕೋಲನ್ ಹಾಕಿ, ಇನ್ನೊಂದು ಹೂಬಳ್ಳಿ ಆವರಣ ತೆರೆಯಬೇಕು. ಅದರೊಳಗೆ ಮತ್ತೆ ಉದ್ಧರಣ ಚಿಹ್ನೆಯಲ್ಲಿ ಪಾಲಿಸಿಯ ಹೆಸರು, ಕೋಲನ್, ಚಿಹ್ನೆಯಿಲ್ಲದ ಟ್ರೂ. ತೆರೆದ ಎರಡೂ ಆವರಣ ಮುಚ್ಚಬೇಕು. ನಾನು ಮೊದಲು ಬಳಸಿದ ಪಾಲಿಸಿಯ ಹೆಸರು ಡಿಸೇಬಲ್, ಆ್ಯಪ್, ಅಪ್‌ಡೇಟ್: ಮೂರೂ ಪದ ನಡುವೆ ಜಾಗವಿಲ್ಲದೆ, ಪ್ರತಿ ಪದದ ಮೊದಲ ಅಕ್ಷರ ದೊಡ್ಡದು.

ಒಂದೇ ಬಾರಿಗೆ ಆಗಲಿಲ್ಲ. ಕೆಟ್ಟದ್ದು ಹೀಗೆ:

ಮೊದಲ ಸಲ ನೋಟ್‌ಪ್ಯಾಡ್ ಫೈಲಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಅಂಟಿಸಿತ್ತು. ವಿಂಡೋಸ್ ಆ ಬಾಲವನ್ನು ಅಡಗಿಸುತ್ತದೆ, ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಯಾವ ಪಾಲಿಸಿ ಚಾಲ್ತಿಯಲ್ಲಿದೆ ಎಂದು ತೋರಿಸುವ ಅಬೌಟ್ ಪಾಲಿಸೀಸ್ ಪುಟದಲ್ಲಿ ಪಾಲಿಸಿ ಸೇವೆ ಚಾಲ್ತಿಯಲ್ಲಿಲ್ಲ ಎಂಬರ್ಥದ ಸಾಲು. ಫೋಲ್ಡರಿನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಟಿಕ್ ಮಾಡಿದಾಗ ಬಾಲ ಕಂಡಿತು.

ಎರಡನೇ ಸಲ, ಎರಡನೇ ಸಿಸ್ಟಮ್‌ಗೆಂದು ಅದೇ ಸಾಲುಗಳನ್ನು ವರ್ಡ್‌ನಲ್ಲಿ ಬರೆದು ಅಂಟಿಸಿದೆ. ವರ್ಡ್ ಉದ್ಧರಣ ಚಿಹ್ನೆಗಳನ್ನು ಬಾಗಿಸಿಬಿಡುತ್ತದೆ, ಜೇಸನ್‌ಗೆ ನೆಟ್ಟಗಿನವೇ ಬೇಕು. ಈ ಸಲ ಪಾಲಿಸಿ ಪುಟದಲ್ಲಿ ಎರರ್ಸ್ ಎಂಬ ವಿಭಾಗವೇ ಮೂಡಿತು. ಕಾರಣ ಹೊಳೆಯಲು ಮುಕ್ಕಾಲು ಗಂಟೆ ಬೇಕಾಯಿತು. ಎರಡು ಚಿಹ್ನೆಯನ್ನು ಕನ್ನಡಕ ಹಾಕಿಕೊಂಡು ಅಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ಗೊತ್ತಾದದ್ದು.

ಮೂರನೇ ಸಲ ಸರಿಹೋಯಿತು. ಪಾಲಿಸಿ ಪುಟದಲ್ಲಿ ಆ್ಯಕ್ಟಿವ್ ಎಂಬ ಕಡೆ ಹೆಸರು ಬಂತು. ಸೆಟ್ಟಿಂಗ್ಸ್‌ನ ಮೇಲೆ, ಈ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎನ್ನುವ ಸಾಲು. ಗಾಬರಿ ಬೇಡ, ಆ ಸಂಸ್ಥೆ ನಾವೇ.

ಆದರೆ ಸಂಜೆ ಹೊತ್ತಿಗೆ ಈ ಪಾಲಿಸಿ ಬಗ್ಗೆಯೇ ಮನಸ್ಸು ಒಪ್ಪಲಿಲ್ಲ. ಹೆಲ್ಪ್ ಮೆನುವಿನ ಅಬೌಟ್ ಕಿಟಕಿ ತೆಗೆದು ನಾನಾಗಿ ಅಪ್‌ಡೇಟ್ ಮಾಡಲು ಹೋದರೂ ಅದು ಬಿಡುವುದಿಲ್ಲ. ಬಾಗಿಲಿಗೆ ಬೀಗ ಹಾಕಿ ಕೀಲಿ ಬಾವಿಗೆ ಎಸೆದ ಹಾಗೆ. ಗಿರಾಕಿಗಳ ಆಧಾರ್ ನಂಬರು, ಬ್ಯಾಂಕ್ ಪಾಸ್‌ಬುಕ್ಕು ನಮ್ಮ ಸಿಸ್ಟಮ್‌ನಲ್ಲಿ ಹಾದುಹೋಗುತ್ತವೆ. ಅಕ್ಟೋಬರ್ 9ರಂದು ಬಂದ 131.0.2 ಎಂಬ ತಿದ್ದುಪಡಿ, ಕಳ್ಳರು ಆಗಲೇ ಬಳಸುತ್ತಿದ್ದ ಕಿಂಡಿಯೊಂದನ್ನು ಮುಚ್ಚಲು ಬಂದದ್ದು. ಅಂಥದ್ದನ್ನು ತಡೆದು ಕೂರುವ ಹಕ್ಕು ನನಗಿಲ್ಲ.

ಹುಡುಕಿದಾಗ ಬೇಕಾದದ್ದೇ ಸಿಕ್ಕಿತು. ಮ್ಯಾನ್ಯುಯಲ್, ಆ್ಯಪ್, ಅಪ್‌ಡೇಟ್, ಓನ್ಲಿ: ನಾಲ್ಕು ಪದ ಕೂಡಿಸಿ ಬರೆಯುವ ಪಾಲಿಸಿ. 87ನೇ ಆವೃತ್ತಿಯಿಂದ ಇದೆ. ತಾನಾಗಿ ಹುಡುಕುವುದಿಲ್ಲ, ಇಳಿಸುವುದಿಲ್ಲ, ಕೇಳುವುದೂ ಇಲ್ಲ. ನಾನು ಅಬೌಟ್ ಕಿಟಕಿ ತೆಗೆದಾಗ ಮಾತ್ರ ನೋಡುತ್ತದೆ. ಒಂದು ಮತ್ತು ಎರಡನೇ ಸಿಸ್ಟಮ್‌ನಲ್ಲಿ ಹಳೆ ಹೆಸರು ಅಳಿಸಿ ಇದನ್ನು ಬರೆದೆ. ಆ್ಯಡ್ಆನ್‌ಗಳ (ಬ್ರೌಸರಿಗೆ ಜೋಡಿಸುವ ಸಣ್ಣ ಪ್ರೋಗ್ರಾಮುಗಳ) ಅಪ್‌ಡೇಟ್ ಬೇರೆ ವಿಷಯ, ಅದನ್ನು ಹಾಗೇ ಬಿಟ್ಟೆ.

ಕ್ರೋಮ್ ಬಗ್ಗೆ ಎರಡು ಮಾತು. ಅದರ ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ನಿಲ್ಲಿಸುವ ಬಟನ್ನೇ ಇಲ್ಲ. ವಿಂಡೋಸ್‌ನ ಸರ್ವಿಸಸ್‌ನಲ್ಲಿ ಗೂಗಲ್ ಅಪ್‌ಡೇಟ್ ಸೇವೆಗಳನ್ನು ಡಿಸೇಬಲ್ ಮಾಡಿ ನೋಡಿದೆ. ಒಮ್ಮೆ ಕ್ರೋಮ್ ಕೆಟ್ಟು ಮತ್ತೆ ಹಾಕಿದಾಗ ಎಲ್ಲವೂ ವಾಪಸ್ ಎದ್ದಿದ್ದವು. ಕೈಬಿಟ್ಟೆ.

ಲಿನಕ್ಸ್ ಮಿಂಟ್‌ನಲ್ಲಿ ಫೈರ್‌ಫಾಕ್ಸ್ ತಾನೇ ಅಪ್‌ಡೇಟ್ ಆಗುವುದಿಲ್ಲ, ಅಪ್‌ಡೇಟ್ ಮ್ಯಾನೇಜರ್ ಅದನ್ನು ಮಾಡುತ್ತದೆ. ನಾನೇ ಹಿಂದೆ ಆಟೋಮೇಷನ್ ಆನ್ ಮಾಡಿದ್ದೆ. ಹಾಗಾಗಿ ಮಕ್ಕಳು ಹೊಸ ಟ್ಯಾಬ್ ತೆರೆದಾಗ, ಹಿನ್ನೆಲೆಯಲ್ಲಿ ಅಪ್‌ಡೇಟ್ ಆಗಿದೆ, ಮುಚ್ಚಿ ತೆರೆಯಿರಿ ಎನ್ನುವ ಪುಟ ಬರುತ್ತಿತ್ತು. ಆಫ್ ಮಾಡಿದೆ. ಎರಡು ನಿಮಿಷದ ಕೆಲಸ.

ವಿಂಡೋಸ್ 7ರ ಮೂರನೇ ಸಿಸ್ಟಮ್‌ನಲ್ಲಿ ಯಾವತ್ತೂ ಅಪ್‌ಡೇಟಿನ ತಂಟೆ ಇರಲಿಲ್ಲ. ಅದನ್ನು ಮುಟ್ಟಲಿಲ್ಲ. ಯಾಕೆ ತಂಟೆ ಇಲ್ಲ ಎಂದು ಒಂದು ಕ್ಷಣ ನಿಂತು ಯೋಚಿಸಬೇಕಿತ್ತು.

12 ಜನವರಿ 2025, ಭಾನುವಾರ

7ರಂದು 134 ಬಂದಿತ್ತು. ನಾಲ್ಕು ವಾರಕ್ಕೊಮ್ಮೆ ಮಂಗಳವಾರ ಹೊಸದು ಬರುವ ರೂಢಿ, ನಡುವೆ ಹಬ್ಬದ ಹೊತ್ತಿಗೆ ಸ್ವಲ್ಪ ತಡ. ಅದಾದ ಭಾನುವಾರ ಅಂಗಡಿ ಮುಚ್ಚಿದ ಮೇಲೆ ಹಾಕುವುದು ಎಂದು ಗೊತ್ತುಮಾಡಿಕೊಂಡೆ.

ಸಿಸ್ಟಮ್‌ಗೊಮ್ಮೆ ಇಳಿಸುವ ಬದಲು ಒಮ್ಮೆ ಇಳಿಸಿ ಪೆನ್‌ಡ್ರೈವ್‌ನಲ್ಲಿ ಒಯ್ಯೋಣ ಎಂದು 32 ಜಿಬಿಯದು ಕೊಂಡೆ, 380 ರೂಪಾಯಿ. ಮುಖ್ಯ ಪುಟದ ದೊಡ್ಡ ಬಟನ್ ಒತ್ತಿ ಇಳಿಸಿ, ಪೆನ್‌ಡ್ರೈವಿಗೆ ಹಾಕಿ, ಎರಡನೇ ಸಿಸ್ಟಮ್‌ನಲ್ಲಿ ಒತ್ತಿದರೆ ಅದು ಮತ್ತೆ ಇಂಟರ್‌ನೆಟ್‌ನಿಂದ ಇಳಿಸಲು ಶುರುಮಾಡಿತು. ಫೈಲಿನ ಗಾತ್ರ ನೋಡಿದೆ, ಒಂದು ಎಂಬಿಯೂ ಇಲ್ಲ. ಆ ಬಟನ್ ಕೊಡುವುದು ಬರೀ ತಂದುಕೊಡುವ ಆಳು, ಸರಕಲ್ಲ. ಎಲ್ಲ ಆವೃತ್ತಿಗಳಿರುವ ಡೌನ್‌ಲೋಡ್ ಪುಟಕ್ಕೆ ಹೋಗಿ, ವಿಂಡೋಸ್ 64 ಬಿಟ್, ಭಾಷೆ ಆರಿಸಿ ತೆಗೆದುಕೊಂಡದ್ದು ಅರವತ್ತು ಎಂಬಿ ಆಸುಪಾಸು. ಅದು ಸರಕು.

ಒಂದನೇ ಸಿಸ್ಟಮ್‌ಗೆ 2 ನಿಮಿಷ, ಎರಡನೆಯದಕ್ಕೆ 6. ಆಮೇಲೆ ಅಬೌಟ್ ಪಾಲಿಸೀಸ್ ತೆಗೆದು ಪಾಲಿಸಿ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ನೋಡಿದೆ, ಇತ್ತು. ಈ ನೋಟವನ್ನು ಪ್ರತಿ ಸಲವೂ ತಪ್ಪಿಸುವುದಿಲ್ಲ. ಫೆಬ್ರವರಿ 9, ಮಾರ್ಚ್ 9, ಎರಡೂ ಭಾನುವಾರ ಸಲೀಸಾಗಿ ಮುಗಿದವು. ಡೈರಿಯಲ್ಲಿ ಒಂದೊಂದು ಸಾಲು ಮಾತ್ರ ಇದೆ.

15 ಮಾರ್ಚ್, ಶನಿವಾರ

ಈ ಬರಹದಲ್ಲಿ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಮೂರನೇ ಸಿಸ್ಟಮ್‌ನಲ್ಲಿ ಬೆಳಿಗ್ಗೆ ಫೈರ್‌ಫಾಕ್ಸ್ ತೆರೆದಾಗ, ಆ್ಯಡ್ಆನ್‌ಗಳನ್ನು ಪರಿಶೀಲಿಸಲಾಗಲಿಲ್ಲ, ನಿಲ್ಲಿಸಲಾಗಿದೆ ಎಂಬ ಹಳದಿ ಪಟ್ಟಿ. ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಸತ್ತಿತ್ತು. ನಾನು ಬೇರೆ ಕೆಲಸದಲ್ಲಿದ್ದೆ. ಸ್ಕ್ಯಾನ್ ಮಾಡಿದ ಎರಡು ಪಿಡಿಎಫ್ ಕೂಡಿಸಲು ಹುಡುಗ ಯಾವುದೋ ಸೈಟಿಗೆ ಹೋದ. ಮೂರು ಡೌನ್‌ಲೋಡ್ ಬಟನ್ ಕಂಡವು, ದೊಡ್ಡದನ್ನು ಒತ್ತಿದ. ಇಳಿದದ್ದು ಪಿಡಿಎಫ್ ಅಲ್ಲ, ಒತ್ತಿದರೆ ಪ್ರೋಗ್ರಾಮಾಗಿ ಓಡುವ ಒಂದು ಇಎಕ್ಸ್‌ಇ ಫೈಲ್. ಅವನು ಅದನ್ನು ತೆರೆಯದೆ "ಮಾವ, ಇಲ್ಲಿ ಬರ್ರಿ, ಇದು ಬ್ಯಾರೆ ಏನೋ ಐತಿ" ಎಂದು ಕರೆದ. ಅವನ ಎಚ್ಚರವೇ ಉಳಿಸಿತು. ಕೇಬಲ್ ಕಿತ್ತು, ಫೈಲ್ ಅಳಿಸಿ, ಪೂರ್ತಿ ಸ್ಕ್ಯಾನ್ ಹಾಕಿದೆ. ಎರಡು ಗಂಟೆ ಹಿಡಿಯಿತು, ಏನೂ ಸಿಗಲಿಲ್ಲ.

ಕಾರಣ ಹುಡುಕಿದೆ. ಆ್ಯಡ್ಆನ್‌ಗಳ ಸಹಿ ಪರಿಶೀಲಿಸಲು ಬಳಸುವ, ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಮೂಲ ಸರ್ಟಿಫಿಕೇಟೊಂದರ ಅವಧಿ ಹಿಂದಿನ ದಿನ, 14 ಮಾರ್ಚ್ 2025ಕ್ಕೆ ಮುಗಿದಿತ್ತು. 128 ಅಥವಾ ಇಎಸ್‌ಆರ್ 115.13ಕ್ಕಿಂತ ಹಳೆಯದರಲ್ಲಿ ಇದ್ದವರಿಗೆಲ್ಲ ಈ ಪೆಟ್ಟು. ವಿಂಡೋಸ್ 7ಕ್ಕೆ ಬರುವ ಕೊನೆಯ ಸಾಲು ಇಎಸ್‌ಆರ್ 115. ಅದಕ್ಕೆ ತಿದ್ದುಪಡಿ ನಿಂತಿರಲಿಲ್ಲ. 115.13 ಬಂದದ್ದು 2024ರ ಜುಲೈನಲ್ಲಿ. ನಮ್ಮಲ್ಲಿ ಇದ್ದದ್ದು 115.9.

ಆಗ ನೆನಪಾಯಿತು. 2024ರ ಏಪ್ರಿಲ್‌ನಲ್ಲಿ ಆ ಸಿಸ್ಟಮ್ ಫಾರ್ಮ್ಯಾಟ್ ಹೊಡೆಸಿದಾಗ ಗಂಗಾವತಿಯ ಗೆಳೆಯನಿಗೆ, "ಈ ಅಪ್‌ಡೇಟ್ ಕಾಟ ಒಂದು ತಪ್ಪಿಸಪ್ಪ" ಎಂದು ನಾನೇ ಹೇಳಿದ್ದೆ. ಅವನು ಹೇಳಿದಂತೆ ಮಾಡಿಕೊಟ್ಟಿದ್ದ. ನಾನು ಎಲ್ಲಿಯೂ ಬರೆದಿಡಲಿಲ್ಲ. ಹನ್ನೊಂದು ತಿಂಗಳು ಆ ಸಿಸ್ಟಮ್‌ನಲ್ಲಿ ಜನರ ಕಾಗದಪತ್ರ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡಿದ್ದೇನೆ, ಒಂದೂ ತಿದ್ದುಪಡಿ ಇಲ್ಲದೆ. ತಪ್ಪು ಪೂರಾ ನನ್ನದು.

ಸಂಜೆ 115.21 ಪೂರ್ತಿ ಇನ್‌ಸ್ಟಾಲರ್ ತಂದು ಮೇಲೆ ಹಾಕಿದೆ. ಯುಬ್ಲಾಕ್ ತಾನೇ ಎದ್ದಿತು. ಪಾಲಿಸಿ ಫೈಲ್ ಬರೆದೆ. ಆದರೂ ಅಬೌಟ್ ಕಿಟಕಿಯಲ್ಲಿ ಅಪ್‌ಡೇಟ್ ನಿರ್ಬಂಧಿಸಲಾಗಿದೆ ಎಂದೇ ಇತ್ತು. ಪಾಲಿಸಿ ಪುಟದಲ್ಲಿ ಎರಡು ಹೆಸರು ಕಂಡವು: ನನ್ನದು, ಜೊತೆಗೆ ಡಿಸೇಬಲ್ ಎನ್ನುವ ಹಳೆಯದು. ಗೆಳೆಯ ಅದನ್ನು ಫೈಲಿನಲ್ಲಿ ಅಲ್ಲ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಹಾಕಿದ್ದ. ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಮೊಜಿಲ್ಲಾ, ಫೈರ್‌ಫಾಕ್ಸ್ ಎಂದು ಒಂದೊಂದೇ ಇಳಿದು ಹೋಗಿ ಆ ಸಾಲನ್ನು ಅಳಿಸಿದ ಮೇಲೆ ಸರಿಹೋಯಿತು.

ಮಲಗುವ ಮೊದಲು ನಾಲ್ಕು ಸ್ಟಿಕ್ಕರ್ ಬರೆದು ಮಾನಿಟರುಗಳ ಕೆಳಗೆ ಅಂಟಿಸಿದೆ: ತಾನಾಗಿ ಅಪ್‌ಡೇಟ್ ಇಲ್ಲ, ಕೊನೆಯದಾಗಿ ಹಾಕಿದ ದಿನ, ಆವೃತ್ತಿಯ ನಂಬರು. ಪ್ರತಿ ಸಲ ಹಳೆ ನಂಬರಿಗೆ ಗೆರೆ ಎಳೆದು ಹೊಸದು ಬರೆಯುವುದು ಹುಡುಗನ ಕೆಲಸ.

28 ಮಾರ್ಚ್, ಶುಕ್ರವಾರ

ಮಧ್ಯಾಹ್ನ ಊಟದ ಹೊತ್ತಿಗೆ ಮೊಬೈಲಿನಲ್ಲಿ ಸುದ್ದಿ ಕಂಡೆ. ಹಿಂದಿನ ದಿನ ಫೈರ್‌ಫಾಕ್ಸ್ 136.0.4 ತುರ್ತಾಗಿ ಬಂದಿದೆ. ವಿಂಡೋಸ್‌ನಲ್ಲಿ ಮಾತ್ರ ಇರುವ ಒಂದು ಕಿಂಡಿ, ಕ್ರೋಮ್‌ನಲ್ಲಿ ಅದೇ ಜಾತಿಯದನ್ನು ಕಳ್ಳರು ಬಳಸಿದ್ದು ಆ ವಾರವೇ ಬಯಲಾಗಿತ್ತು. ನನ್ನ ಲೆಕ್ಕದ ಪ್ರಕಾರ ಮುಂದಿನ ಅಪ್‌ಡೇಟ್ ಏಪ್ರಿಲ್ 6ಕ್ಕೆ. ಈ ಭಾನುವಾರವೇ ಹಾಕೋಣವೆಂದರೆ ಯುಗಾದಿ. ನಾಳೆ ಅಮಾವಾಸ್ಯೆ, ಬೆಳಿಗ್ಗೆಯಿಂದ ಹಬ್ಬದ ಸಂತೆಯ ಜನ.

ತಿಂಗಳಿಗೊಂದು ಭಾನುವಾರ ಎಂಬ ನನ್ನ ನಿಯಮ ಇಲ್ಲಿಗೆ ಸಾಲಲಿಲ್ಲ. ಡೈರಿಯ ಮೊದಲ ಪುಟದಲ್ಲಿ ಇನ್ನೊಂದು ಸಾಲು ಸೇರಿಸಿದೆ: ಪ್ರತಿ ರಾತ್ರಿ ಶಟರ್ ಎಳೆಯುವ ಮೊದಲು ಒಂದನೇ ಸಿಸ್ಟಮ್‌ನ ಅಬೌಟ್ ಕಿಟಕಿ ತೆಗೆದು ನೋಡುವುದು. ಹೊಸದಿದ್ದರೆ ಅಂದೇ ಮೂರಕ್ಕೂ ಹಾಕುವುದು. ಇದಕ್ಕೆ ಹಿಡಿಯುವುದು ಅರ್ಧ ನಿಮಿಷ.

ರಾತ್ರಿ 9ಕ್ಕೆ ಗಿರಾಕಿಗಳು ಹೋದ ಮೇಲೆ ಶುರುಮಾಡಿ 9.25ಕ್ಕೆ ಮುಗಿಸಿದೆವು. ಒಂದು ಮತ್ತು ಎರಡು: 136.0.4. ಮೂರು: 115.21.1. ಮೂರರಲ್ಲೂ ಪಾಲಿಸಿ ಪುಟ ನೋಡಿದ್ದಾಯಿತು. ಹುಡುಗ ಸ್ಟಿಕ್ಕರ್ ತಿದ್ದಿದ.

ಇಲ್ಲಿಯವರೆಗಿನ ಖರ್ಚು 1,480 ರೂಪಾಯಿ. ಮೂರನೇ ಸಿಸ್ಟಮ್‌ನ ಯುಪಿಎಸ್ ಬ್ಯಾಟರಿಯೂ ಈವತ್ತು ಅಳೆದಾಗ 11.1 ವೋಲ್ಟ್ ತೋರಿಸಿತು. ಹಬ್ಬ ಮುಗಿದ ಮೇಲೆ ಗಂಗಾವತಿಗೆ ಹೋಗಬೇಕು.